ಪಟೇಲರ ಕುರು ಮೊದಲು

ನಾನು ನರ್ಸ್ ಆಗಿದ್ದ ಕಾಲದಲ್ಲಿ ಎಲ್ಲರಿಗೂ ಪೆನಿಸಿಲಿನ್ ಹುಚ್ಚು ಹಿಡಿದಿತ್ತು. ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿನ ಸಣ್ಣ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ. ನಮ್ಮೂರು ಬ್ಯಾಡರಹಳ್ಳಿಯಿಂದ ತಮ್ಮನನ್ನು ಕರೆಸಿ ಅಪೆಂಡಿಕ್ಸ್ ಆಪರೇಷನ್ ಮಾಡಿಸಿದವಳು ನಾನೇ. ‘ನಮ್ಮ ಆಸ್ಪತ್ರೆ’ ಎಂದು ಊರಿನವರ ಮುಂದೆ ಬೀಗಿದವಳೂ ನಾನೇ.

ನಂಜು ಹರಡದಂತೆ ಒಣ ಗಾಯಗಳಿಗೆ ಮೊದಲು, ಕೀವಿನ ಗಾಯಗಳಿಗೆ ಕೊನೆಗೆ ಡ್ರೆಸಿಂಗ್ ಮಾಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ನಮ್ಮ ವಾರ್ಡಿನಲ್ಲಿ ನಡೆಯುತ್ತಿದ್ದುದು ಮರ್ಯಾದೆಯ ಕ್ರಮ. ಮೊದಲ ಮಂಚದಲ್ಲಿ ತೊಡೆಯ ಕುರು ಕೊಯ್ಯಿಸಿಕೊಂಡ ಪಟೇಲರೊಬ್ಬರಿದ್ದರು. ಅವರನ್ನು ಕಾಯಿಸಿ ಬೇರೆಯವರನ್ನು ಮುಟ್ಟುವ ಧೈರ್ಯ ದೊಡ್ಡ ಡಾಕ್ಟರಿಗೂ ಇರಲಿಲ್ಲ. ಪಟೇಲರ ಕೀವು ಒರೆಸಿದ ಇಕ್ಕಳವನ್ನೇ ಸ್ಪಿರಿಟ್ಟಿನಲ್ಲಿ ಅದ್ದಿ ಮುಂದಿನ ಮಂಚಕ್ಕೆ ಹೋಗಬೇಕಿತ್ತು. ಕುದಿಸಿ ತರುತ್ತೇನೆ ಎಂದೆ.

“ಪೆನಿಸಿಲಿನ್ ಇದೆಯಲ್ಲಮ್ಮ. ಇನ್ನೂ ಹನ್ನೆರಡು ಮಂಚ ಆಗ್ಬೇಕು, ನಡೀರಿ,” ಎಂದರು ಡಾಕ್ಟರು.

ನಡೆದೆ. ನಾಲ್ಕನೆಯ ಮಂಚದಲ್ಲಿ ತಮ್ಮನಿದ್ದ.

ಆಪರೇಷನ್ ಆದ ಐದನೆಯ ದಿನ ಅವನ ಹೊಲಿಗೆ ಕೆಂಪಾಯಿತು, ಚಳಿಜ್ವರ ಬಂತು. ಪೆನಿಸಿಲಿನ್ ಚುಚ್ಚಿದೆವು. ಬಗ್ಗಲಿಲ್ಲ. ಎರಡರಷ್ಟು ಚುಚ್ಚಿದೆವು. ಕೀವನ್ನು ಪರೀಕ್ಷೆಗೆ ಕಳಿಸಿ ಎಂದು ಗೋಗರೆದ ಮೇಲೆ ಕಳಿಸಿದರು. ಲ್ಯಾಬಿನವರು ಗಾಜಿನ ತಟ್ಟೆ ತೋರಿಸಿದರು.

“ನೋಡಿ ಸಿಸ್ಟರ್, ಪೆನಿಸಿಲಿನ್ ಹಾಕಿರೋ ಕಡೆನೂ ರೋಗಾಣು ಹುಲುಸಾಗಿ ಬೆಳ್ದಿದೆ. ಪಟೇಲರ ಕೀವಲ್ಲೂ ಇದೇ ಇತ್ತು. ಹೋದ ವಾರಾನೇ ಬರ್ದು ಕಳಿಸಿದ್ನಲ್ಲ?”

ಆ ಚೀಟಿ ಡಾಕ್ಟರಿಗೆ ಸಿಕ್ಕಿತ್ತು. ಪಟೇಲರು ಹೊಸದಾಗಿ ಬಂದಿದ್ದ ಹಳದಿ ಮಾತ್ರೆ ನುಂಗಿ, ವಾಸಿಯಾಗಿ, ಮನೆಗೂ ಹೋಗಿದ್ದರು. ಪಕ್ಕದ ಮಂಚಗಳವರಿಗೂ ಅದೇ ಬೇಕಾಗಬಹುದು ಎಂದು ಯಾರೂ ಯೋಚಿಸಲಿಲ್ಲ.

ತಮ್ಮನಿಗೆ ಆ ಮಾತ್ರೆ ತರಿಸುವ ಹೊತ್ತಿಗೆ ನಂಜು ರಕ್ತಕ್ಕೆ ಏರಿತ್ತು. ಮಾತ್ರೆ ಕೊಟ್ಟ ಮೂರನೆಯ ದಿನ ಬೆಳಗ್ಗೆ ಹೋದ. ಇಪ್ಪತ್ತೆರಡು ವರ್ಷ. ಡಾಕ್ಟರು “ಹಣೆಬರಹ” ಎಂದರು. ಇಕ್ಕಳ ಕುದಿಸಲು ಪುರುಸೊತ್ತಿಲ್ಲದವರಿಗೆ ಹಣೆಬರಹ ಓದಲು ಮಾತ್ರ ಪುರುಸೊತ್ತಿರುತ್ತದೆ.

ಆ ಡಾಕ್ಟರನ್ನು ಇಂದಿಗೂ ಬೈಯುತ್ತೇನೆ. ಆದರೆ ಇಕ್ಕಳ ಹಿಡಿದ ಕೈ ನನ್ನದು. ಕುದಿಸದೆ ಮುಂದಕ್ಕೆ ಹೋಗುವುದಿಲ್ಲ ಎಂದು ಅವತ್ತು ನಿಂತುಬಿಡಬಹುದಿತ್ತು. ಕೆಲಸ ಹೋಗುತ್ತಿತ್ತು, ಅಷ್ಟೆ.

ತಿಥಿಯ ದಿನ ಬಂದವರಿಗೆಲ್ಲ ಅವ್ವ ಹೇಳುತ್ತಿದ್ದಳು: “ನನ್ ಮಗ ದಿಕ್ಕಿಲ್ದೆ ಸಾಯ್ಲಿಲ್ಲ ಕಣಮ್ಮ. ಒಂದಿನಾನೂ ಬೇರೆಯವ್ರ ಕೈಗೆ ಬಿಡ್ದೆ ಅವನ ಅಕ್ಕನೇ ಗಾಯ ತೊಳ್ದು ಕಟ್ಟಿದ್ಲು.”

ಸಾಯುವವರೆಗೂ ಅವ್ವ ಹಾಗೆಯೇ ಹೇಳಿಕೊಂಡು ಬಂದಳು. ನಾನು ಒಂದು ಸಲವೂ ತಿದ್ದಲಿಲ್ಲ.