ಫರಸಿಗೆ ತಾಗದ ಪಾದ
ರಬಕವಿಯ ಸೀರೆ ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಡುವ ನಮ್ಮ ಚಿದಾನಂದ ದೀಪಾವಳಿಗೊಮ್ಮೆ ಕಂಪ್ಯೂಟರ್ ಭಾಷೆ ಬದಲಿಸುತ್ತಾನೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ, ತನ್ನ ಭಾಷೆ ಇನ್ನೂ ಬದುಕಿದೆಯೇ ಎಂದು ಮೊಬೈಲಿನಲ್ಲಿ ನೋಡುತ್ತಾನೆ. ಮೊನ್ನೆಯವರೆಗೆ ತಾನೇ ನೆಚ್ಚಿಕೊಂಡಿದ್ದ ಪಿಎಚ್‌ಪಿ ಭಾಷೆಯವರನ್ನು ಕಂಡರೆ “ಪಾಪ, ಇನ್ನೂ ಅದರಾಗ ಅದಾರ” ಎಂದು ಮರುಗುತ್ತಾನೆ. ಈಗ ಹಿಡಿದಿರುವುದು ಪೈಥಾನ್. ಅದಕ್ಕಿಂತ ಹೊಸ ಭಾಷೆಯಾದ ರಸ್ಟ್ ಬರೆಯುವವರು ತನ್ನನ್ನು ಕಂಡು ಹಾಗೆಯೇ ಮರುಗುತ್ತಾರೆಂಬ ಅನುಮಾನ ಅವನನ್ನು ಬಿಡುವುದಿಲ್ಲ. “ಬಿಲ್ಲು ಛಲೋ ಬರ್ತಿತ್ತಲ್ಲೋ ತಮ್ಮಾ, ಮತ್ಯಾಕ ಬಿಚ್ಚಿದಿ?” ಎಂದು ಅಂಗಡಿಯ ಪಾರಿಸಪ್ಪ ಕೇಳಿದರೆ, “ಆ ಭಾಷಾ ಎಲ್ಲಾರೂ ಬಿಡಾಕತ್ತಾರ್ರಿ ಸಾವ್ಕಾರ” ಎನ್ನುವಷ್ಟರಲ್ಲಿ ಅವನ ಹಣೆ ಬೆವರಿರುತ್ತದೆ. ಓಣಿಗೆಲ್ಲ ಪವರ್‌ಲೂಮ್ ಬಂದಾಗ ಅವನ ಅಪ್ಪ, “ಅವು ನೇಯೂದಿಲ್ಲ, ಬರೇ ಗದ್ಲಾ ಮಾಡ್ತಾವ” ಎಂದು ನಕ್ಕು ಕೈಮಗ್ಗದಲ್ಲೇ ಉಳಿದ. ಆಮೇಲೆ ಆ ಮನೆಗೆ ಸೀರೆ ಕೇಳಿಕೊಂಡು ಯಾರೂ ಬರಲಿಲ್ಲ. ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯನ್ನು ಫರಸಿಕಲ್ಲಿನಿಂದ ಮುಚ್ಚಿ, ಮಗ ಅದರ ಮೇಲೆಯೇ ಟೇಬಲ್ಲು ಕುರ್ಚಿ ಹಾಕಿಕೊಂಡಿದ್ದಾನೆ. ಎಷ್ಟು ಹೊತ್ತು ಕೆಲಸ ಮಾಡಿದರೂ ಅವನ ಪಾದ ಆ ಕಲ್ಲಿಗೆ ತಾಗಿದ್ದನ್ನು ನಾನು ನೋಡಿಲ್ಲ. ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡೇ ಕೂರುತ್ತಾನೆ.