ಬನಹಟ್ಟಿಯಲ್ಲಿ ತಟ್ಟಿದ ಚಪ್ಪಾಳೆ

ಮಾರ್ಚ್ ತಿಂಗಳ ಒಂದು ರವಿವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಬೀಳಗಿಯಿಂದ ಹೊರಟೆವು. ಜೊತೆಯಲ್ಲಿದ್ದವರು ನದಾಫ ಮಾಸ್ತರರು. ನಾನು ಹೈಸ್ಕೂಲಿನಲ್ಲಿ ಓದುವಾಗ ಅವರು ನಮ್ಮ ಡ್ರಿಲ್ ಮಾಸ್ತರರು. ಮುಂದೆ ನಾನು ಅದೇ ಶಾಲೆಗೆ ಗಣಿತ ಕಲಿಸಲು ಬಂದ ಮೇಲೆ ಹನ್ನೊಂದು ವರ್ಷ ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರು. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರ ಮಗಳು ಶಮೀಮಳನ್ನು ಬನಹಟ್ಟಿಗೆ ಕೊಟ್ಟಿದ್ದರು. ನನಗೆ ತಂಗಿಯ ಮದುವೆಗೆ ಅಲ್ಲಿಯ ನೂಲಿನ ಸೀರೆ ಬೇಕಾಗಿದ್ದವು. ಇಬ್ಬರ ಕೆಲಸವೂ ಒಂದೇ ಊರಲ್ಲಿ ಇತ್ತು. ಹೀಗಾಗಿ ಕೂಡಿಯೇ ಹೊರಟಿದ್ದೆವು.

ಬಸ್ಸು ಗಲಗಲಿಯ ಮೇಲೆ ಹಾಯ್ದು ಜಮಖಂಡಿಗೆ ಹೋಗುವಂಥದು. ಅಣೆಕಟ್ಟಿನ ಹಿನ್ನೀರು ಆ ಹೊತ್ತಿಗೆ ಸರಿದು, ದಂಡೆಯ ಎರೆಮಣ್ಣು ಬಿರುಕುಬಿಟ್ಟು ನಿಂತಿತ್ತು. ಬಿಸಿಲು ಎಂಟಕ್ಕೇ ಚುರುಗುಟ್ಟುತ್ತಿತ್ತು. ಮಾಸ್ತರರು ಕಿಟಕಿ ಪಕ್ಕ ಕೂತು, ಮಗಳಿಗೆಂದು ಕಟ್ಟಿಸಿಕೊಂಡ ಶೇಂಗಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದರು. ಎದ್ದದ್ದು ಜಮಖಂಡಿ ಬಂದ ಮೇಲೆಯೇ. ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಒಂದೊಂದು ಪ್ಲೇಟು ಸುಸಲಾ, ಮಿರ್ಚಿ ತಿಂದೆವು. ಅಲ್ಲಿಯ ರೇಡಿಯೋದಿಂದ ತಿಳಿಯಿತು, ಅವತ್ತು ಭಾರತ ಮತ್ತು ಪಾಕಿಸ್ತಾನದ ಪಂದ್ಯ. ನಮ್ಮವರು ಮೊದಲು ಬ್ಯಾಟು ಹಿಡಿದಿದ್ದರು.

"ನಿಮಗ ಗೊತ್ತಿರಲಿಲ್ಲೇನ್ರಿ ಸರ್?" ಎಂದೆ.

"ಗೊತ್ತಿದ್ರ ಮುಂದಿನ ರವಿವಾರ ಬರ್ತಿದ್ವಿ" ಎಂದರು ಅವರು. ಪ್ರಯಾಣದಲ್ಲಿ ಆಟ ತಪ್ಪಿತಲ್ಲ ಎಂಬ ಬೇಸರ ಅದು ಎಂದುಕೊಂಡೆ.

ಬನಹಟ್ಟಿ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೂವತ್ತು ದಾಟಿರದ ಒಬ್ಬಾತ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟವನು, ನಮಾಜಿನ ಟೋಪಿ ಹಾಕಿದ್ದ ಮಾಸ್ತರರ ನೆರೆತ ಗಡ್ಡ ನೋಡಿ ತಾನಾಗಿಯೇ ಎದ್ದ. "ಕುಂಡ್ರಿ ಅಜ್ಜಾರ, ಬಿಸಲಾಗ ಬಂದೀರಿ" ಎಂದು ಅವರ ಕೈಯಲ್ಲಿದ್ದ ಡಬ್ಬಿಯನ್ನೂ ಇಸಿದುಕೊಂಡು ಮೇಲೆ ಇಟ್ಟ. ತನ್ನವು ನಾಲ್ಕು ಮಗ್ಗ ಇವೆ, ನೂಲು ತರಲು ಜಮಖಂಡಿಗೆ ಬಂದಿದ್ದಾಗಿ ನನ್ನೊಡನೆ ಮಾತಾಡಿದ. ಯಾವ ಅಂಗಡಿಯಲ್ಲಿ ಸೀರೆ ಛಲೋ ಸಿಗುತ್ತವೆ, ಎಲ್ಲಿ ಬಣ್ಣ ಬಿಡುತ್ತದೆ ಎಂದು ಬಿಡಿಸಿ ಹೇಳಿದ. ಇಂಥ ಹುಡುಗರಿದ್ದರೆ ಊರಿಗೆ ಚಂದ ಎಂದು ನನ್ನ ಮನಸ್ಸಿಗೆ ಬಂದಿತು.

ಹನ್ನೊಂದೂವರೆಗೆ ಇಳಿದೆವು. ಬನಹಟ್ಟಿ ಎಂದರೆ ಓಣಿ ಓಣಿಯಿಂದ ಮಗ್ಗದ ಖಟಕ್ ಖಟಕ್ ಸದ್ದು ಬರಬೇಕು. ಅವತ್ತು ಅರ್ಧ ಊರು ಸುಮ್ಮನಿತ್ತು. ಆಟ ನೋಡಲು ಮಗ್ಗ ನಿಲ್ಲಿಸಿದ್ದರು. ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಟಿ.ವಿ.ಯನ್ನು ಎತ್ತರದ ಹಲಗೆಯ ಮೇಲಿಟ್ಟು, ಬೆಂಚು ಸಾಲದೆ ಜನ ನಿಂತು ನೋಡುತ್ತಿದ್ದರು.

"ಐದ ಓವರ್ ನೋಡಿ ಹೋಗೂಣ್ರಿ ಸರ್" ಎಂದೆ.

"ಬ್ಯಾಡೋ ಮಲ್ಲಿಕಾರ್ಜುನ. ಮಗಳು ದಾರಿ ಕಾಯಾಕತ್ತಿರತಾಳ."

"ಒಂದು ಚಹಾ ಕುಡಿಯೂಮಟ ಅಷ್ಟ."

ಅವರು ಇನ್ನೊಮ್ಮೆ ಬೇಡ ಎಂದರು. ನಾನು ಅವರ ಕೈ ಹಿಡಿದು ಬೆಂಚಿನ ತುದಿಗೆ ಕೂಡಿಸಿದೆ. ಅದು ನಾನು ಮಾಡಿದ ಕೆಲಸ. ಬಸ್ಸಿನಲ್ಲಿದ್ದ ಬಿಳಿ ಅಂಗಿಯಾತನೂ ಬಂದು ನಮ್ಮ ಹಿಂದೆ ನಿಂತ. ನನ್ನನ್ನು ನೋಡಿ ನಕ್ಕ.

ನಮ್ಮ ಕಡೆಯ ಒಬ್ಬ ದೊಡ್ಡ ಬ್ಯಾಟ್ಸಮನ್ ಆಡುತ್ತಿದ್ದ. ಅವನು ಫೋರು ಹೊಡೆದಾಗೆಲ್ಲ ಅಂಗಡಿ ಹಾರಿಹೋಗುವಂತೆ ಜನ ಕೂಗುತ್ತಿದ್ದರು. ಮುಂದಿನ ಓವರಿನ ನಾಲ್ಕನೆಯದೋ ಐದನೆಯದೋ ಚೆಂಡಿಗೆ ಅವರ ವೇಗದ ಬೌಲರ್ ಕಾಲಬುಡಕ್ಕೆ ಒಂದು ಯಾರ್ಕರ್ ಹಾಕಿದ. ಬ್ಯಾಟು ಇಳಿಯುವಷ್ಟರಲ್ಲಿ ನಡುವಿನ ಗೂಟ ಹಿಂದಕ್ಕೆ ಉರುಳಿತ್ತು. ಅಂಥ ಚೆಂಡನ್ನು ಆಡುವುದು ಯಾರಿಂದಲೂ ಆಗದು. ನನ್ನ ಕೈ ತಾವಾಗಿಯೇ ಎರಡು ಸಲ ಚಪ್ಪಾಳೆ ತಟ್ಟಿದವು.

ಅಂಗಡಿಯಲ್ಲಿ ಬೇರೆ ಸದ್ದಿರಲಿಲ್ಲ. ಎಲ್ಲರೂ ನಮ್ಮ ಬೆಂಚಿನ ಕಡೆ ತಿರುಗಿದರು. ಮಾಸ್ತರರು ಎರಡೂ ಕೈಗಳನ್ನು ಬಗಲಲ್ಲಿ ಸಿಕ್ಕಿಸಿಕೊಂಡು ನೆಲ ನೋಡುತ್ತ ಕೂತಿದ್ದರು. ಹಿಂದಿನಿಂದ ಬಿಳಿ ಅಂಗಿಯಾತ ಬಂದು ಅವರ ಕೆನ್ನೆಗೆ ಹೊಡೆದ.

"ಇಲ್ಲಿ ಅನ್ನಾ ತಿಂದು ಅವರಿಗೆ ಚಪ್ಪಾಳಿ ತಟ್ತಿ ಏನಲೇ?"

ಚಷ್ಮಾ ಹಾರಿ ನೆಲಕ್ಕೆ ಬಿತ್ತು. ಯಾರೋ ಅದನ್ನು ಕಾಲಿನಿಂದ ತಳ್ಳಿದರು. ಮಾಸ್ತರರು ನನ್ನ ಕಡೆ ನೋಡಲಿಲ್ಲ, ಬಗ್ಗಿ ಚಷ್ಮಾ ಹುಡುಕತೊಡಗಿದರು.

ಎದ್ದು ನಿಲ್ಲಲು ನನಗೆ ಹೊತ್ತು ಹಿಡಿಯಿತು. ಗಾಬರಿಯಿಂದ ಹಾಗಾಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಸುಮ್ಮನಿದ್ದರೆ ನನಗೆ ಏನೂ ಆಗುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಸ್ಪಷ್ಟವಾಗಿ ತಿಳಿದಿತ್ತು. ಅದನ್ನು ಇಲ್ಲಿ ಮುಚ್ಚಿಡಲಾರೆ. ಆತ ಎರಡನೆಯ ಸಲ ಕೈ ಎತ್ತಿದಾಗ ನಾನು ಎದ್ದೆ.

"ಚಪ್ಪಾಳಿ ತಟ್ಟಿದಾಂವ ನಾನು."

"ನೀವ?" ಆತನ ಕೈ ಹಾಗೆಯೇ ನಿಂತಿತು. "ಹೆಸರೇನ್ರಿ ನಿಮ್ದು?"

"ಮಲ್ಲಿಕಾರ್ಜುನ. ಬೀಳಗಿಯೊಳಗ ಮಾಸ್ತರ ಅದೀನಿ."

ನನಗೂ ಹೊಡೆತ ಬೀಳುತ್ತದೆಂದು ಹಲ್ಲು ಕಚ್ಚಿ ನಿಂತಿದ್ದೆ. ಆದರೆ ಜನ ನಕ್ಕರು. "ಸರ್ ಆಟಾ ತಿಳದವರದಾರ, ಬಾಲ್ ಛಲೋ ಇತ್ತು, ತಟ್ಟ್ಯಾರ" ಎಂದ ಮೂಲೆಯಲ್ಲಿದ್ದ ಒಬ್ಬ. ಚಹಾದವನು ನನಗೆ ಇನ್ನೊಂದು ಕಪ್ಪು ತಂದಿಟ್ಟ. ಬಿಳಿ ಅಂಗಿಯಾತ ನನ್ನ ಮುಂದೆ ಕೈ ಮುಗಿದು, "ತಪ್ಪ ತಿಳಕೋಬ್ಯಾಡ್ರಿ ಸರ್, ನೀವಂತ ಗೊತ್ತಾಗಲಿಲ್ಲ" ಎಂದ.

"ಹೊಡದದ್ದು ಅವರಿಗೆ. ಅವರಿಗೆ ಹೇಳು."

ಆತ ಮಾಸ್ತರರನ್ನು ನೋಡಿದ. "ಹೋಗ್ಲಿ ಬಿಡ್ರಿ ಸರ್" ಎಂದು ನನಗೇ ಹೇಳಿ ಟಿ.ವಿ. ಕಡೆ ತಿರುಗಿದ. ಹೊಸ ಬ್ಯಾಟ್ಸಮನ್ ಬಂದಿದ್ದ.

ಮಾಸ್ತರರ ಕೈ ಹಿಡಿದು ಹೊರಗೆ ತಂದೆ. ಚಷ್ಮಾದ ಒಂದು ಗಾಜು ಸೀಳಿತ್ತು. ಪೊಲೀಸರ ಕಡೆ ಹೋಗೋಣ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಸಂಜಿಕ ನೀ ಊರಿಗೆ ಹೋಗ್ತಿ, ನಾನೂ ಹೋಗ್ತೀನಿ. ಶಮೀಮ ಇಲ್ಲೇ ಇರಾಕಿ. ಆಕಿ ಗಂಡ ಇವರ ಮಗ್ಗಾನ ರಿಪೇರಿ ಮಾಡಿ ಹೊಟ್ಟಿ ಹೊರೀತಾನ."

ಸ್ವಲ್ಪ ದೂರ ನಡೆದೆವು. ನಾನು ತಡೆಯಲಾರದೆ ಕೇಳಿದೆ: "ಬಾಲ್ ಛಲೋ ಬಿದ್ರ ಯಾರ ಹಾಕಿದ್ರೂ ತಟ್ಟಬೇಕು ಅಂತ ನೀವ ಅಲ್ರೀ ಸರ್ ನಮಗ ಕಲಿಸಿದ್ದು?"

"ಕಲಿಸಿದ್ದು ಖರೆ. ನಾ ಬಿಟ್ಟು ಭಾಳ ವರ್ಷ ಆತು. ವಿಕೆಟ್ ಬಿದ್ದ ಕೂಡ್ಲೆ ಮಂದಿ ನನ್ನ ಕೈ ನೋಡ್ತಾರ. ಅದಕ್ಕ ಮೊದಲ ಬಗಲಾಗ ಇಟ್ಕೊಂಡಬಿಡ್ತೀನಿ."

"ನಮ್ಮವರು ಸಿಕ್ಸ್ ಹೊಡದಾಗ?"

"ಆವಾಗ ತಟ್ಟಿದ್ರ ತೋರಸಾಕ ತಟ್ತಾನ ಅಂತಾರ."

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಹನ್ನೊಂದು ವರ್ಷ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದಲ್ಲಿ ಕೂತು ಎಷ್ಟು ಪಂದ್ಯ ನೋಡಿದ್ದೆನೋ ಲೆಕ್ಕವಿಲ್ಲ. ಕೂಗಿದ್ದೆ, ಬೆಂಚು ಗುದ್ದಿದ್ದೆ, ಪಾಕಿಸ್ತಾನದವರನ್ನು ಎಲ್ಲರ ಜೊತೆ ಬಾಯಿಗೆ ಬಂದಂತೆ ಬೈದಿದ್ದೆ. ಅವರ ಕೈ ಎಲ್ಲಿರುತ್ತಿದ್ದವು ಎಂದು ಒಂದು ದಿನವೂ ನೋಡಿರಲಿಲ್ಲ. ಅಂಗಡಿಯ ಆ ಹೊಡೆತಕ್ಕಿಂತ ಈ ಮಾತಿಗೆ ನಾನು ಹೆಚ್ಚು ಬೆಚ್ಚಿದೆ.

ಶಮೀಮಳ ಮನೆ ಎರಡು ಓಣಿ ಆಚೆ. ಬಾಗಿಲು ತೆರೆದವಳು ಅಪ್ಪನ ಮುಖ ನೋಡಿ ಹಾಗೆಯೇ ನಿಂತಳು.

"ಬಸ್ ಇಳಿಯಾಗ ಕಾಲ ಜಾರಿತವ್ವಾ" ಎಂದರು ಮಾಸ್ತರರು.

ಅವಳು ನನ್ನನ್ನು ನೋಡಿದಳು. "ಹೌದೇನ್ರಿ ಅಣ್ಣಾರ?"

"ಹೌದವಾ" ಎಂದೆ.

ಅವರ ಕೆನ್ನೆಯ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ಅವಳು ತಣ್ಣೀರಲ್ಲಿ ಅರಿವೆ ಅದ್ದಿ ತಂದು ಅಪ್ಪನ ಕೆನ್ನೆಗೆ ಒತ್ತಿ ಹಿಡಿದಳು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು ಬಡಿಸಿದಳು. ಇಬ್ಬರೂ ಅರ್ಧಕ್ಕೇ ಕೈ ತೊಳೆದೆವು. ಗಂಡ ಎಲ್ಲಿ ಎಂದು ಕೇಳಿದ್ದಕ್ಕೆ, "ಒಳಗ ಮಲಗ್ಯಾರ. ಇವತ್ತ ಹೊರಗ ಹೋಗಂಗಿಲ್ಲ" ಎಂದಳು. ನಡುಮಧ್ಯಾಹ್ನ, ಗಟ್ಟಿಮುಟ್ಟಾದ ಆಳು, ಕದ ಮುಂದೆ ಮಾಡಿಕೊಂಡು ಮಲಗಿದ್ದ.

ನಾನು ಸೀರೆ ಕೊಳ್ಳಲು ಹೋಗಲಿಲ್ಲ. ಬಿಳಿ ಅಂಗಿಯಾತ ಹೇಳಿದ ಅಂಗಡಿಯನ್ನು ಬಿಟ್ಟು ಬೇರೆ ಎಷ್ಟೋ ಇದ್ದವು, ಆದರೂ ಆ ಊರಿನ ಯಾವ ಹೊಸ್ತಿಲನ್ನೂ ಅವತ್ತು ತುಳಿಯುವ ಮನಸ್ಸಾಗಲಿಲ್ಲ.

ನಾಲ್ಕರ ಬಸ್ಸಿಗೆಂದು ಎದ್ದೆವು. ಶಮೀಮ ಓಣಿಯ ತಿರುವಿನವರೆಗೆ ಬಂದಳು. ಅಲ್ಲಿಂದ ಮುಂದೆ ಬರಲಿಲ್ಲ. ಅಪ್ಪನ ಅಂಗಿಯ ಕಾಲರು ಸರಿಮಾಡಿ, ದನಿ ತಗ್ಗಿಸಿ ಹೇಳಿದಳು:

"ಅಪ್ಪಾ, ಇನ್ನ ಮ್ಯಾಲೆ ಮ್ಯಾಚ್ ಇದ್ದ ದಿನ ಬರಬ್ಯಾಡ್ರಿ."

ಮಾಸ್ತರರು "ಆತವ್ವಾ" ಎಂದರು. ಸೀಳಿದ ಗಾಜಿನಲ್ಲಿ ದಾರಿ ಕಾಣದೆ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ನಡೆದರು. ನಾನು ಒಮ್ಮೆ ಹಿಂತಿರುಗಿ ನೋಡಿದೆ. ಅವಳು ಸೆರಗನ್ನು ಬಾಯಿಗೊತ್ತಿ ತಿರುವಿನಲ್ಲೇ ನಿಂತಿದ್ದಳು.