ಖಾಲಿ ಹೊಲದ ಫೋಟೋ

ಎಂಬತ್ತರ ದಶಕದ ಕೊನೆಗೆ ಚಿಕ್ಕೋಡಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆ ಸೀಜನ್ ಬಂತೆಂದರೆ ತಲೆ ಕೆಟ್ಟು ಮೊಸರಾಗುತ್ತಿತ್ತು. ಬ್ಯಾಂಡಿನ ಗದ್ದಲ, ಅಕ್ಷತೆಯ ಹೊತ್ತಿಗೇ ಅಡ್ಡ ನಿಲ್ಲುವ ಸೋದರಮಾವಂದಿರು, ಊಟದ ಪಂಕ್ತಿಯಲ್ಲೂ ತಮ್ಮದೊಂದು ತೆಗೆಯಿರಿ ಎಂದು ಜಗ್ಗುವವರು. ಆ ಸಿಟ್ಟನ್ನೆಲ್ಲ ಮನೆಗೆ ಬಂದು ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಕಡೆಗೆ, ಮದುವೆ ಮುಗಿದ ಮೇಲೆ ಫಿಲ್ಮ್ ರೋಲಿನಲ್ಲಿ ಉಳಿದ ಒಂದೆರಡು ಫೋಟೋ ನನಗೇ ಇರಲಿ ಎಂದು ಹಟ ಹಿಡಿದೆ. ನಸುಕಿನಲ್ಲೇ ಸೈಕಲ್ ಹತ್ತಿ ಕಬ್ಬೂರಿನ ಕಡೆ ಹೊರಡುತ್ತಿದ್ದೆ. ಕಬ್ಬು ಕಡಿದು, ಒಣಗಿದ ಗರಿಯ ರವದಿ ಸುಟ್ಟ ಕರಿ ಹೊಲ, ಬದುವಿನ ಮೇಲೆ ಬಾಗಿದ ಒಂದು ಜಾಲಿ ಗಿಡ, ಉಳಿದದ್ದೆಲ್ಲ ಆಕಾಶ. ಎತ್ತು ಅಡ್ಡ ಬಂದರೆ ದಾಟಲಿ ಎಂದು ಕಾಯುತ್ತಿದ್ದೆ. ಕ್ಯಾಮೆರಾದ ಕಣ್ಣಿನಲ್ಲಿ ಖಾಲಿ ಹೊಲ ಬಿಟ್ಟು ಏನೂ ಉಳಿಯದಾದಾಗ ನನ್ನ ತಲೆಯೊಳಗೂ ಏನೂ ಉಳಿಯುತ್ತಿರಲಿಲ್ಲ. ಆ ಸುಖ ಬೇರೆಲ್ಲೂ ಸಿಕ್ಕಿಲ್ಲ.

ಒಂದು ಫೋಟೋ ದೊಡ್ಡದು ಮಾಡಿಸಿ ಶೋಕೇಸಿನಲ್ಲಿ ಮದುಮಕ್ಕಳ ನಡುವೆ ಹಾಕಿದೆ. ವಾರದೊಳಗೆ ಆ ಹೊಲದ ಯಜಮಾನರು ಬಂದರು. ಜಾಲಿ ಗಿಡದಿಂದ ಗುರುತು ಹಿಡಿದಿದ್ದರು. ಮಗಳಿಗೆ ಗಂಡು ನೋಡುತ್ತಿದ್ದರಂತೆ. ಬೀಗರಾಗುವವರು ಇದನ್ನು ಕಂಡರೆ ಹೊಲ ಬೀಳು ಬಿದ್ದಿದೆ ಅನ್ನುವುದಿಲ್ಲವೇ? ಇದನ್ನು ಶೋಕೇಸಿನಿಂದ ತೆಗೆ, ಬೇಕಾದರೆ ಆಳೆತ್ತರ ಕಬ್ಬು ನಿಂತಾಗ ಬಾ, ಟ್ರ್ಯಾಕ್ಟರ್ ನಿಲ್ಲಿಸಿ ಮಕ್ಕಳನ್ನೂ ಸಾಲಾಗಿ ನಿಲ್ಲಿಸುತ್ತೇನೆ, ಅದನ್ನು ಹಾಕು ಎಂದರು.

“ತಗಿಯಂಗಿಲ್ಲ ಕಾಕಾ,” ಅಂದೆ.

ಹಾಗಾದರೆ ಸುತ್ತಲಿನ ಯಾವ ಊರಿನಲ್ಲೂ ನಿನಗೆ ಮದುವೆ ಕೆಲಸ ಸಿಗದಂತೆ ನೋಡಿಕೊಳ್ಳುತ್ತೇನೆ ಎಂದರು. ಅವರು ಹೇಳಿದ್ದನ್ನು ಮಾಡುವವರೇ. ಒಂದು ಖಾಲಿ ಹೊಲಕ್ಕಾಗಿ ಹೊಟ್ಟೆಯ ಮೇಲೆ ಕಲ್ಲು ಹಾಕಿಕೊಳ್ಳಬೇಡಿ ಎಂದು ಹೆಂಡತಿಯೂ ಹೇಳಿದಳು. ಹೆದರಿಕೆ ನನಗೂ ಇತ್ತು. ಆದರೆ ಅದನ್ನು ತೆಗೆದರೆ ನಾನು ಮತ್ತೆ ಆ ಬ್ಯಾಂಡಿನ ಗದ್ದಲಕ್ಕೇ ಬಲಿಯಾಗುತ್ತಿದ್ದೆ. ಮರುದಿನ ಅವರ ಮನೆಗೇ ಹೋದೆ. ಒಂದು ನಸುಕು ನನ್ನ ಜೋಡಿ ಹೊಲಕ್ಕೆ ಬಂದು ಕೂಡ್ರಿ, ಆಮೇಲೂ ತೆಗೆ ಅಂದರೆ ಕೈಯಾರೆ ತೆಗೆಯುತ್ತೇನೆ ಎಂದೆ.

ಬಂದರು. ಬಂದವರೇ ಬದುವಿನ ಕಸ ಕೀಳತೊಡಗಿದರು. ಆಮೇಲೆ ಕಾಲುವೆ ನೋಡಿ ಬರುತ್ತೇನೆಂದು ಎದ್ದರು.

“ಸುಮ್ಕ ಕುಂಡ್ರಿ ಕಾಕಾ,” ಅಂದೆ.

ಗೊಣಗುತ್ತ ಕೂತರು. ಸ್ವಲ್ಪ ಹೊತ್ತಿಗೆ ಗೊಣಗುವುದು ನಿಂತಿತು. ಬಿಸಿಲು ಹೊಲದ ತುಂಬ ಹರಿದರೂ ಅವರು ಏಳಲಿಲ್ಲ. ನಾನು ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಧೋತರ ಝಾಡಿಸಿಕೊಂಡು ಎದ್ದರು. ಕಣ್ಣು ಹೊಲದ ಮೇಲೇ ಇತ್ತು.

“ಹುಟ್ಟಿದಾಗಿಂದ ಈ ಹೊಲದಾಗ ದುಡದೀನಿ. ಸುಮ್ನ ಕುಂತಿದ್ದು ಇವತ್ತ ಮೊದಲ,” ಅಂದರು. “ಫೋಟೋ ಇರ್ಲಿ. ಬೀಗರಿಗೆ ನಾ ಹೇಳ್ತೀನಿ.”